ಪೇಟೆಯ ಬೀಗದಕೈ

ನಮ್ಮ ಮನೆಯ ದೇವರ ಗೂಡಿನ ಪಕ್ಕದಲ್ಲಿ ಒಂದು ಮೊಳೆ ಇತ್ತು. ಅದಕ್ಕೆ ಸದಾ ಒಂದು ಬೀಗದಕೈ ತೂಗುತ್ತಿತ್ತು. ಅದು ನಮ್ಮ ಮನೆಯದಲ್ಲ, ಅಪ್ಪ ಗುಮಾಸ್ತರಾಗಿದ್ದ ಸಗಟು ಬಟ್ಟೆ ಅಂಗಡಿಯದು. ಅಮ್ಮ ಶುಕ್ರವಾರ ದೇವರ ಸಾಮಾನು ತೊಳೆಯುವಾಗ ಅದನ್ನೂ ಒಮ್ಮೆ ಒರೆಸಿ ಮತ್ತೆ ಮೊಳೆಗೆ ಹಾಕುತ್ತಿದ್ದಳು. ನಾವು ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಪೂಜೆಯ ಗಂಟೆಯನ್ನು ಬೇಕಾದರೆ ಎತ್ತಿಕೊಂಡು ಆಡಬಹುದಿತ್ತು, ಆ ಬೀಗದಕೈಯನ್ನಲ್ಲ.

ಅದು ಅಲ್ಲಿಗೆ ಹೇಗೆ ಬಂತು ಎಂದು ಹೇಳಹೊರಟರೆ ಪೇಟೆಯ ಬಾಗಿಲುಗಳ ಕಥೆಯನ್ನೇ ಹೇಳಬೇಕಾಗುತ್ತದೆ. ಒಂದು ಊರು ತನ್ನನ್ನು ತಾನು ಹೇಗೆ ಕಾಯ್ದುಕೊಂಡಿತು, ಏನನ್ನು ಕಾಯಿತು, ಯಾರನ್ನು ಕಾಯುವುದನ್ನು ಮರೆಯಿತು ಎನ್ನುವ ಕಥೆ ಅದು.

ಹಳೆಯ ಬೆಂಗಳೂರಿನವರಿಗೆ ಪೇಟೆ ಎಂದರೆ ಒಂದೇ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ, ತಿಗಳರಪೇಟೆ, ಇವೆಲ್ಲ ಕೂಡಿದ, ಈಗ ಅರ್ಧ ಗಂಟೆಯಲ್ಲಿ ನಡೆದು ದಾಟಬಹುದಾದ ಜಾಗ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಿಂದ ಪರಿಚಯ. ಆ ಅವೆನ್ಯೂ ರಸ್ತೆಯೇ ಹಿಂದಿನ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಊರು ಇದೇ. ಸುತ್ತ ಮಣ್ಣಿನ ಗೋಡೆ, ಕಂದಕ, ಅದರಾಚೆಗೆ ದಟ್ಟವಾದ ಮುಳ್ಳುಬೇಲಿ. ಹೋಗಿಬರುವ ದಾರಿಗಳಲ್ಲಿ ಹಲಸೂರು, ಯಲಹಂಕ, ಆನೇಕಲ್, ಸೊಂಡೆಕೊಪ್ಪ ಎಂದು ಆಯಾ ಊರಿನ ಹೆಸರಿನ ಬಾಗಿಲುಗಳು.

ಇವತ್ತು ಆ ಬಾಗಿಲುಗಳಲ್ಲಿ ಒಂದೂ ಇಲ್ಲ. ಆದರೆ ಒಂದರ ಹೆಸರು ವಿಚಿತ್ರವಾಗಿ ಬದುಕಿಕೊಂಡಿದೆ. ಹಲಸೂರು ಗೇಟ್ ಪೊಲೀಸ್ ಠಾಣೆ. ಹಲಸೂರು ಅಲ್ಲಿಂದ ದೂರ, ಗೇಟಂತೂ ಇಲ್ಲವೇ ಇಲ್ಲ. ಗೋಡೆ ಹೋಗಿ, ಬಾಗಿಲು ಹೋಗಿ, ಕಾಯುವ ಕೆಲಸ ಮಾತ್ರ ಠಾಣೆಯ ಬೋರ್ಡಿನ ಮೇಲೆ ಉಳಿದುಕೊಂಡಿದೆ. ಚಿಕ್ಕಂದಿನಲ್ಲಿ ಬಸ್ಸಿನ ಕಂಡಕ್ಟರ್ ಈ ಹೆಸರು ಕೂಗಿದಾಗಲೆಲ್ಲ ನಾನು ಕಿಟಕಿಯಿಂದ ಹೊರಗೆ ಬಗ್ಗಿ ಗೇಟು ಹುಡುಕುತ್ತಿದ್ದೆ.

ಬಾಗಿಲು ಎಂದರೆ ಕಾವಲು. ಕಾವಲಿಗೆ ಯಾರಾದರೂ ಬೆಲೆ ತೆರಬೇಕು. ಬೆಂಗಳೂರಿನ ಐತಿಹ್ಯ ಇದನ್ನು ಮುಚ್ಚಿಡುವುದಿಲ್ಲ. ಕೋಟೆಯ ತೆಂಕಣ ಬಾಗಿಲು ನಿಲ್ಲಿಸಿದಷ್ಟು ಸಲವೂ ಬಿದ್ದುಹೋಗುತ್ತಿತ್ತಂತೆ. ನರಬಲಿ ಕೊಟ್ಟರೆ ನಿಲ್ಲುತ್ತದೆ ಎಂದರಂತೆ. ಕೆಂಪೇಗೌಡರು ಒಪ್ಪಲಿಲ್ಲ. ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮಮ್ಮ ಯಾರಿಗೂ ಹೇಳದೆ ರಾತ್ರಿ ಹೋಗಿ ತನ್ನನ್ನೇ ಕೊಟ್ಟುಕೊಂಡಳು, ಬಾಗಿಲು ನಿಂತಿತು. ಕೋರಮಂಗಲದಲ್ಲಿ ಅವಳ ಸ್ಮಾರಕವಿದೆ. ಇದು ನಡೆದದ್ದೋ ಕಟ್ಟಿದ ಕಥೆಯೋ ಎನ್ನುವುದಕ್ಕಿಂತ, ಊರು ಇದನ್ನು ಇಷ್ಟು ಕಾಲ ಹೇಳಿಕೊಂಡು ಬಂದಿದೆ ಎನ್ನುವುದು ನನಗೆ ಮುಖ್ಯ. ಎಲ್ಲರೂ ನೆಮ್ಮದಿಯಾಗಿ ಮಲಗಲೆಂದು ಕಟ್ಟಿದ ಬಾಗಿಲ ಕೆಳಗೆ ಒಬ್ಬಳು ಮಲಗಿದ್ದಾಳೆ ಎಂದು ಊರಿಗೆ ಗೊತ್ತಿತ್ತು.

ಅದಕ್ಕಿಂತ ಹಿಂದಿನ ಸಾಕ್ಷಿಯೂ ಇಂಥದ್ದೇ. ಬೆಂಗಳೂರು ಎಂಬ ಹೆಸರು ಕಾಣುವ ಅತಿ ಹಳೆಯ ಬರಹ ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲಿನಲ್ಲಿದೆ, ಕ್ರಿ.ಶ. 890ರ ಆಸುಪಾಸಿನದು. ಅದು ಊರನ್ನು ಹೊಗಳುವ ಬರಹವಲ್ಲ. ಬೆಂಗಳೂರಿನ ಕಾಳಗದಲ್ಲಿ ಒಬ್ಬ ಸತ್ತ ಎನ್ನುವ ಸುದ್ದಿ. ನಮ್ಮ ಊರು ಚರಿತ್ರೆಯೊಳಕ್ಕೆ ಕಾಲಿಟ್ಟದ್ದೇ ಕಾದಾಡಿ ಸತ್ತವನೊಬ್ಬನ ಕಲ್ಲಿನ ಮೇಲೆ. ಕನ್ನಡ ನಾಡಿನ ಉದ್ದಗಲಕ್ಕೂ ಹೀಗೆ ತುರು ಕಾಯುತ್ತ, ಊರು ಕಾಯುತ್ತ ಸತ್ತವರ ಕಲ್ಲುಗಳಿವೆ. ಕಾಯುವವರಿಗೆ ಕೊಟ್ಟ ಮರ್ಯಾದೆ ಅದು, ಸತ್ತ ಮೇಲಿನದು.

ಬದುಕಿರುವ ಕಾವಲುಗಾರರ ಸಂಬಳದ ಲೆಕ್ಕ ಬೇರೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ಟಂಕಸಾಲೆಯ ಎದುರಿಗೇ ಇದ್ದ ಪೊಲೀಸ್ ಕಚೇರಿಯ ವಿಷಯ ಬರೆದಿದ್ದಾನೆ. ಹನ್ನೆರಡು ಸಾವಿರ ಜನ ಕಾವಲಿನವರು, ಅವರಿಗೆ ದಿನಕ್ಕೆ ಹನ್ನೆರಡು ಸಾವಿರ ಹಣದ ಸಂಬಳ. ಆ ಹಣ ಬರುತ್ತಿದ್ದದ್ದು ವೇಶ್ಯಾಗೃಹಗಳ ಮೇಲಿನ ತೆರಿಗೆಯಿಂದ. ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ರಾತ್ರಿ ಎಲ್ಲರಿಗಿಂತ ಹೆಚ್ಚು ಭಯ ಯಾರಿಗಿತ್ತೋ ಅವರ ದುಡಿಮೆಯಿಂದ ಊರಿನ ರಾತ್ರಿ ಕಾವಲು ನಡೆಯುತ್ತಿತ್ತು.

ಬೆಂಗಳೂರಿನ ಪೇಟೆಯ ಗೋಡೆಗೆ ನಿಜವಾದ ಪರೀಕ್ಷೆ ಬಂದದ್ದು 1791ರ ಮಾರ್ಚ್ 7ರಂದು. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲನ್ನು ಒಡೆದು ಪೇಟೆಗೆ ನುಗ್ಗಿತು. ಅಲ್ಲೇ ಸತ್ತ ಅವರ ಅಧಿಕಾರಿ ಮೂರ್‌ಹೌಸನ ಚಿತ್ರವನ್ನು ರಾಬರ್ಟ್ ಹೋಮ್ ಎಂಬ ಕಲಾವಿದ ಬರೆದ, ಅದು ಇಂಗ್ಲೆಂಡಿನಲ್ಲಿ ಹೆಸರು ಮಾಡಿತು. ಮುಂದಿನ ಎರಡು ವಾರ ಫಿರಂಗಿಗಳು ಕಲ್ಲಿನ ಕೋಟೆಯ ಮೇಲೆ ಕೆಲಸ ಮಾಡಿದವು. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು, ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡುತ್ತ ಸತ್ತ. ಪೇಟೆಯ ಧಾನ್ಯ, ಬಟ್ಟೆಬರೆ ಲೂಟಿಯಾಯಿತು. ಗೋಡೆ ಕಳ್ಳರನ್ನು ತಡೆಯಬಲ್ಲದು, ದಂಡನ್ನಲ್ಲ ಎಂದು ಪೇಟೆಗೆ ಗೊತ್ತಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಗೋಡೆ, ಕಂದಕ, ಬೇಲಿ ಒಂದೊಂದಾಗಿ ಇಲ್ಲವಾದವು.

ಆದರೆ ಪೇಟೆಯನ್ನು ದಿನನಿತ್ಯ ಕಾಯುತ್ತಿದ್ದದ್ದು ಗೋಡೆಯಲ್ಲ, ಒಳಗೆ ಮಲಗುತ್ತಿದ್ದ ಜನ. ಹಳ್ಳಿಗಳಲ್ಲಿ ತಳವಾರ, ತೋಟಿ ಇದ್ದ ಹಾಗೆ ಪಟ್ಟಣಗಳಲ್ಲಿ ಕೊತ್ವಾಲ ಇರುತ್ತಿದ್ದ, ನಿಜ. ಅವನಿಗಿಂತ ದೊಡ್ಡ ಕಾವಲು ಎಂದರೆ ಮನೆಗಳ ರಚನೆ. ಮುಂದೆ ಅಂಗಡಿ, ಹಿಂದೆ ಮನೆ. ಎಣ್ಣೆ ಮಾರುವವನು ಎಣ್ಣೆಯ ವಾಸನೆಯಲ್ಲೇ ಮಲಗುತ್ತಿದ್ದ, ಕುಂಬಾರ ತನ್ನ ಆವುಗೆಯ ಕಾವಿನ ಪಕ್ಕದಲ್ಲಿ. ಒಂದೊಂದು ಕಸುಬಿನವರು ಒಂದೊಂದು ಬೀದಿ. ಹೊಸ ಮುಖ ಬಂದರೆ ಜಗಲಿಯ ಮೇಲೆ ಕೂತ ಅಜ್ಜಿಗೆ ಗೊತ್ತಾಗುತ್ತಿತ್ತು. ಇದರಲ್ಲಿ ಉಸಿರು ಕಟ್ಟಿಸುವ ಅಂಶವೂ ಇತ್ತು. ಯಾರು ಯಾವ ಬೀದಿಯಲ್ಲಿ ಕಾಲಿಡಬಹುದು ಎಂದು ಜಾತಿ ಹೇಳುತ್ತಿತ್ತು. ಅದನ್ನು ಮರೆತು ಹಳೆಯ ಕಾಲವನ್ನು ಹೊಗಳುವ ಆಸೆ ನನಗಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಬೆಂಕಿ ಬಿದ್ದರೆ ಮೊದಲು ಸುಡುತ್ತಿದ್ದದ್ದು ಅಂಗಡಿಯ ಯಜಮಾನನ ಹಾಸಿಗೆ.

ಈ ಮಾತಿಗೆ ಹಳೆಯ ಶಾಸ್ತ್ರದ ಬೆಂಬಲವೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ರಾಜತಂತ್ರದ ಗ್ರಂಥ ಎಂದು ಹೆಸರಾದ ಅದರಲ್ಲಿ ನಗರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವಿದೆ. ಓದಿದರೆ ಅಗ್ನಿಶಾಮಕ ಇಲಾಖೆಯ ಸುತ್ತೋಲೆಯ ಹಾಗಿದೆ. ಮನೆಯಲ್ಲಿ ನೀರಿನ ಕೊಡ, ತೊಟ್ಟಿ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಇರಬೇಕು. ಬೆಂಕಿಯ ಕಸುಬಿನವರು ಒಂದೇ ಕಡೆ ವಾಸಿಸಬೇಕು. ದೊಡ್ಡ ಬೀದಿ, ಚೌಕ, ಬಾಗಿಲುಗಳಲ್ಲಿ ಸಾವಿರಾರು ನೀರಿನ ಪಾತ್ರೆಗಳನ್ನು ಸಾಲಾಗಿ ಇಟ್ಟಿರಬೇಕು. ಬೆಂಕಿ ಆರಿಸಲು ಓಡಿಬಾರದ ಮನೆಯೊಡೆಯನಿಗೆ ಹನ್ನೆರಡು ಪಣ ದಂಡ, ಬಾಡಿಗೆಯವನಿಗೆ ಆರು ಪಣ. ಒಡೆಯನ ಹೊಣೆ ಬಾಡಿಗೆಯವನದಕ್ಕಿಂತ ಎರಡು ಪಟ್ಟು ಎನ್ನುವ ಲೆಕ್ಕ ಎರಡು ಸಾವಿರ ವರ್ಷದ ಹಿಂದೆಯೇ ಇತ್ತು. ಅದೇ ಅಧ್ಯಾಯದ ಇನ್ನೊಂದು ನಿಯಮ ನನ್ನನ್ನು ಹಿಡಿದು ನಿಲ್ಲಿಸಿತು. ರಾತ್ರಿ ಮನೆಯ ಒಡೆಯ ತನ್ನ ಮನೆಯ ಬಾಗಿಲ ಬಳಿಯಲ್ಲೇ ಇರಬೇಕು.

ಪೇಟೆಯ ಒಡೆಯರು ಬಾಗಿಲು ಬಿಟ್ಟು ಹೊರಡತೊಡಗಿದ್ದು ಪ್ಲೇಗಿನ ಕಾಲದಲ್ಲಿ. 1898ರ ಆಗಸ್ಟ್‌ನಲ್ಲಿ ರೈಲು ಹಿಡಿದು ಬಂದ ಆ ಮಾರಿ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಹಬ್ಬಿತು. ಮನೆಗಳನ್ನು ಖಾಲಿ ಮಾಡಿಸಿದರು, ಔಷಧಿ ಹೊಡೆಸಿದರು, ಜನರನ್ನು ಊರಾಚೆಯ ಗುಡಿಸಲುಗಳಿಗೆ ಕಳಿಸಿದರು. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಅದಾಗಲೇ ಯೋಜನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ರಸ್ತೆ, ಹಿತ್ತಲ ಗಲ್ಲಿಗಳೊಂದಿಗೆ ಬೆಳೆದದ್ದು ಆಗ. ಹೋಗುವ ಶಕ್ತಿ ಇದ್ದವರು ಹೋದರು. ಅಂಗಡಿ ಪೇಟೆಯಲ್ಲೇ ಉಳಿಯಿತು. ಒಂದೇ ಸೂರಿನ ಕೆಳಗಿದ್ದ ಅಂಗಡಿಯೂ ಮನೆಯೂ ಬೇರೆ ಬೇರೆಯಾಗಲು ಅಲ್ಲಿಂದ ಶುರು.

ಅದೇ ಹೊತ್ತಿಗೆ ಸರ್ಕಾರದ ಕಾವಲು ಒಂದೊಂದಾಗಿ ಬಂತು. 1862ರಲ್ಲೇ ಪೇಟೆಗೊಂದು, ದಂಡಿಗೊಂದು ಎಂದು ಎರಡು ಮುನಿಸಿಪಾಲಿಟಿಗಳಾಗಿದ್ದವು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂತು. 1900ರಲ್ಲಿ ಪೇಟೆಯ ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೊರಟಿದ್ದ ಶಿವನಸಮುದ್ರದ ವಿದ್ಯುತ್ತು 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳನ್ನು ಹೊತ್ತಿಸಿತು. ಆ ಮೊದಲ ದೀಪಗಳು ಬೆಳಗಿದ್ದು ಪೇಟೆಯ ಅಂಚಿನಲ್ಲಿ, ಈಗಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ. ಕಾವಲಿನ ಚರಿತ್ರೆಯಲ್ಲಿ ದೀಪದಷ್ಟು ನಿರ್ಮಲವಾದ ವಸ್ತು ಇನ್ನೊಂದಿಲ್ಲ. ಅದು ಯಾರನ್ನೂ ತಡೆದು ನಿಲ್ಲಿಸುವುದಿಲ್ಲ, ಯಾವ ಜಾತಿ ಎಂದು ಕೇಳುವುದಿಲ್ಲ. ಸಾಹುಕಾರನ ಮೇಲೆ ಬೀಳುವ ಬೆಳಕೇ ಕೂಲಿಯ ಮೇಲೂ ಬೀಳುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಪೇಟೆಯೂ ದಂಡೂ 1949ರಲ್ಲಿ ಒಂದೇ ಕಾರ್ಪೊರೇಷನ್ ಆದವು. 1963ರಲ್ಲಿ ನಗರಕ್ಕೆ ಪೊಲೀಸ್ ಕಮಿಷನರ್ ಬಂದರು. ಅಗ್ನಿಶಾಮಕ ದಳಕ್ಕೆ 1964ರಲ್ಲಿ ತನ್ನದೇ ಕಾಯಿದೆಯಾಯಿತು. ಹಲಸೂರು ಗೇಟ್, ಸಿಟಿ ಮಾರ್ಕೆಟ್, ಚಿಕ್ಕಪೇಟೆ, ಕಾಟನ್‌ಪೇಟೆ, ಉಪ್ಪಾರಪೇಟೆ, ಕಲಾಸಿಪಾಳ್ಯ ಎಂದು ಇಷ್ಟು ಸಣ್ಣ ಜಾಗದ ಒಳಗೂ ಸುತ್ತಲೂ ಇಷ್ಟೊಂದು ಠಾಣೆಗಳು. ಇಷ್ಟೆಲ್ಲ ಕಾವಲು ಬರುವ ಹೊತ್ತಿಗೆ ಪೇಟೆಯ ಒಡೆಯರು ಬಸವನಗುಡಿಯಿಂದ ಇನ್ನೂ ಮುಂದೆ, ಜಯನಗರಕ್ಕೆ ಹೋಗಿದ್ದರು. ಹಿಂದಿನ ಮನೆ ಗೋಡೌನಾಯಿತು. ಮೇಲಿನ ಮಹಡಿಯೂ ಗೋಡೌನಾಯಿತು. ನಂಬರು ಬರೆದು ಒಂದೊಂದಾಗಿ ಜೋಡಿಸುವ ಹಲಗೆ ಬಾಗಿಲು ಹೋಗಿ ಕಬ್ಬಿಣದ ರೋಲಿಂಗ್ ಷಟರ್ ಬಂತು. ಬೀದಿಗೆ ಗೂರ್ಖಾ ಬಂದ. ನೇಪಾಳದಿಂದ ಬಂದ ಒಂಟಿ ಮನುಷ್ಯ, ಕೈಯಲ್ಲಿ ದೊಣ್ಣೆ, ಬಾಯಲ್ಲಿ ಸೀಟಿ. ತಿಂಗಳ ಮೊದಲ ವಾರ ಅಂಗಡಿಯಿಂದ ಅಂಗಡಿಗೆ ಹೋಗಿ ಸೆಲ್ಯೂಟ್ ಹೊಡೆದು ಕೈಚಾಚುತ್ತಿದ್ದ. ಕೊಡುವವರು ಕೊಡುತ್ತಿದ್ದರು, ಉಳಿದವರು ಮುಂದಿನ ತಿಂಗಳು ಬಾ ಎನ್ನುತ್ತಿದ್ದರು.

ಒಡೆಯರು ಹೋದ ಮೇಲೆ ರಾತ್ರಿ ಪೇಟೆಯಲ್ಲಿ ಮಲಗುವವರು ಯಾರು? ಅಂಗಡಿಯ ಹುಡುಗರು.

ನಮ್ಮದು ಬಳ್ಳಾಪುರಪೇಟೆಯ ವಠಾರ. ಎರಡು ಕೋಣೆ, ಏಳು ಮನೆಗೆ ಒಂದು ನಲ್ಲಿ. ಅಪ್ಪನ ಅಂಗಡಿ ಅಲ್ಲಿಂದ ಎರಡು ಬೀದಿಯಾಚೆ. 1983ರ ಒಂದು ರಾತ್ರಿ ಗೂರ್ಖಾ ಸೀಟಿ ಊದುತ್ತಲೇ ವಠಾರದೊಳಕ್ಕೆ ಓಡಿಬಂದ. ಅಪ್ಪನ ಹೆಸರು ಅವನಿಗೆ ಗೊತ್ತಿರಲಿಲ್ಲ. "ಗುಮಾಸ್ತಾ ಸಾಬ್, ಆಗ್! ಆಗ್!" ಎಂದು ಕೂಗಿದ. ಅಂಗಡಿಯ ಪಕ್ಕದ ಗೋಡೌನಿಗೆ ಬೆಂಕಿ ಬಿದ್ದಿತ್ತು. ಅಪ್ಪ ಬನಿಯನ್ನಿನಲ್ಲೇ ಓಡಿದರು. ಅಮ್ಮ ಬೇಡವೆಂದು ಕೂಗಿದರೂ ನಾನೂ ಹಿಂದೆ ಓಡಿದೆ. ನನಗಾಗ ಹನ್ನೊಂದು ವರ್ಷ.

ಬೆಂಕಿಗಿಂತ ಮೊದಲು ನನಗೆ ಕೇಳಿಸಿದ್ದು ಷಟರ್ ಬಡಿಯುವ ಸದ್ದು. ಒಳಗಿನಿಂದ ಬಡಿಯುತ್ತಿದ್ದರು. ಅಂಗಡಿಯಲ್ಲಿ ಇಬ್ಬರು ಹುಡುಗರು ಮಲಗುತ್ತಿದ್ದರು, ಕುಣಿಗಲ್ ಕಡೆಯವರು. ದೊಡ್ಡವನಿಗೆ ಹದಿನಾರಿರಬಹುದು. ಬಟ್ಟೆಯ ಬೇಲುಗಳ ಮೇಲೆ ಹಾಸಿಕೊಂಡು ಮಲಗುವುದು, ಅದೇ ಅವರ ಮನೆ, ಅದೇ ಅವರ ಪಾರಾ. ರಾತ್ರಿ ಒಂಬತ್ತಕ್ಕೆ ಷಟರ್ ಎಳೆದು ಹೊರಗಿನಿಂದ ಬೀಗ ಹಾಕುತ್ತಿದ್ದರು. ಬೀಗದಕೈ ಜಯನಗರದಲ್ಲಿ, ಸಾಹುಕಾರರ ಮನೆಯಲ್ಲಿ. ಬೆಳಗ್ಗೆ ಎಂಟಕ್ಕೆ ಅವರು ಬಂದು ತೆಗೆದ ಮೇಲೆ ಹುಡುಗರು ಹೊರಗೆ ಬಂದು ಮುಖ ತೊಳೆಯಬೇಕು. ಪೇಟೆಯಲ್ಲಿ ಇದು ಯಾರಿಗೂ ಹೊಸತಲ್ಲ. ಎಲ್ಲ ಅಂಗಡಿಯಲ್ಲೂ ಹಾಗೇ.

"ಅಣ್ಣಾ, ಹೊಗೆ ತುಂಬ್ಕೊಂತಾ ಐತೆ ಅಣ್ಣಾ" ಎಂದು ಒಳಗಿನಿಂದ ದೊಡ್ಡವನು ಕೂಗುತ್ತಿದ್ದ. ಅಪ್ಪ ಬೀಗವನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದರು. ಬರಿಗೈಯಲ್ಲಿ ಎಳೆದರೆ ಬರುವ ಬೀಗವಲ್ಲ ಅದು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕೊನೆಗೆ ಗೂರ್ಖಾ ಎಲ್ಲಿಂದಲೋ ಒಂದು ಹಾರೆ ತಂದ. ನಾಲ್ಕಾರು ಜನ ಸೇರಿ ಮೀಟಿದರು. ಕೊಂಡಿ ಕಿತ್ತು ಬಂತು. ಹುಡುಗರು ಕೆಮ್ಮುತ್ತ ಹೊರಗೆ ಉರುಳಿದರು. ಫೈರ್ ಎಂಜಿನ್ ಅಷ್ಟರಲ್ಲಿ ಬಂದಿತ್ತು, ಆದರೆ ಓಣಿಯ ಬಾಯಲ್ಲಿ ನಿಲ್ಲಿಸಿದ್ದ ಕೈಗಾಡಿಗಳ ಹಿಂದೆ ಸಿಕ್ಕಿಕೊಂಡಿತ್ತು. ಆ ದಳದವರು ಕೂಗಾಡಲಿಲ್ಲ. ಪೈಪನ್ನು ಹೆಗಲ ಮೇಲೆ ಹೊತ್ತು ಓಡಿಬಂದು ಬೆಂಕಿ ಆರಿಸಿದರು. ನಮ್ಮ ಅಂಗಡಿಗೆ ಬೆಂಕಿ ತಗುಲಲಿಲ್ಲ.

ಎರಡು ವರ್ಷದ ಹಿಂದಷ್ಟೇ, 1981ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತಿದ್ದರು, ಹೆಚ್ಚಿನವರು ಮಕ್ಕಳು. ಆ ಸುದ್ದಿ ಊರಿನ ಎದೆಯಲ್ಲಿ ಇನ್ನೂ ಹಸಿಯಾಗಿತ್ತು. ಅಪ್ಪ ಆ ರಾತ್ರಿ ಮನೆಗೆ ಬಂದು ಬಹಳ ಹೊತ್ತು ನಲ್ಲಿಯ ಹತ್ತಿರ ಕೈ ತೊಳೆಯುತ್ತ ನಿಂತಿದ್ದರು.

ಸಾಹುಕಾರರು ಕೆಟ್ಟ ಮನುಷ್ಯರಲ್ಲ. ಬೆಳಗ್ಗೆ ಬಂದವರೇ ಹುಡುಗರನ್ನು ತಬ್ಬಿಕೊಂಡು ಅತ್ತರಂತೆ. ಇಬ್ಬರಿಗೂ ಹೊಸ ಬಟ್ಟೆ ಕೊಡಿಸಿದರು. ಸಂಜೆ ಹೊಸ ಬೀಗ ತಂದರು, ಹಿಂದಿನದಕ್ಕಿಂತ ದೊಡ್ಡದು. ಅದಕ್ಕೆ ಮೂರು ಬೀಗದಕೈ. ಎರಡನ್ನು ತಾವಿಟ್ಟುಕೊಂಡು ಒಂದನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಮೆಲ್ಲಗೆ ಕೇಳಿದರಂತೆ, "ಒಳಗಿನಿಂದ ತೆಗೆಯೋ ಹಾಗೆ ಒಂದು ಚಿಲಕ ಮಾಡಿಸಿದ್ರೆ ಆಗ್ತಿರಲಿಲ್ವಾ ಸ್ವಾಮಿ?" ಸಾಹುಕಾರರು ಅಂದರಂತೆ, "ಹುಡುಗರನ್ನ ನಂಬಿ ಹೇಗೆ ಬಿಡೋದ್ರೀ? ಲಕ್ಷಾಂತರ ರೂಪಾಯಿ ಮಾಲು."

ಅಪ್ಪ ಇದನ್ನು ಮನೆಯಲ್ಲಿ ಹೇಳಿದ್ದು ಕೋಪದಿಂದಲ್ಲ. ಸಾಹುಕಾರರ ಮಾತಿನಲ್ಲಿ ಅವರಿಗೆ ತಪ್ಪು ಕಂಡಿತ್ತೋ ಇಲ್ಲವೋ. ಆದರೆ ಆ ಬೀಗದಕೈ ದೇವರ ಗೂಡಿನ ಪಕ್ಕಕ್ಕೆ ಬಂತು. ಮುಂದೆ ಹತ್ತೊಂಬತ್ತು ವರ್ಷ ಅದು ಅಲ್ಲೇ ಇತ್ತು. ರಾಜಾಜಿನಗರದಲ್ಲಿ ಕಡಿಮೆ ಬಾಡಿಗೆಗೆ ಗಾಳಿ ಬೆಳಕಿರುವ ಮನೆ ಸಿಕ್ಕಿತ್ತು, ಅಪ್ಪ ಒಪ್ಪಲಿಲ್ಲ. ಅಮ್ಮನ ಉಬ್ಬಸಕ್ಕೆ ವಠಾರದ ತೇವ ಒಗ್ಗುವುದಿಲ್ಲ ಎಂದು ಡಾಕ್ಟರು ಹೇಳಿದರೂ ಒಪ್ಪಲಿಲ್ಲ. "ಅಷ್ಟು ದೂರದಿಂದ ಓಡಿಬರೋಕಾಗುತ್ತಾ?" ಎನ್ನುತ್ತಿದ್ದರು. ಊರಿಗೆ ಮದುವೆ ಮುಂಜಿಗೆ ನಾವು ನಾಲ್ವರೂ ಒಟ್ಟಿಗೆ ಹೋದದ್ದೇ ಇಲ್ಲ. ಅಪ್ಪ ಹೋದರೆ ಅಮ್ಮ ಉಳಿಯಬೇಕು. ಅರ್ಥಶಾಸ್ತ್ರ ಒಡೆಯನಿಗೆ ವಿಧಿಸಿದ್ದ ಕೆಲಸವನ್ನು, ರಾತ್ರಿ ಬಾಗಿಲ ಬಳಿ ಇರುವುದನ್ನು, ತಿಂಗಳ ಸಂಬಳದ ಗುಮಾಸ್ತನೊಬ್ಬ ಮಾಡಿದ.

ಕಾನೂನಿಗೆ ಇದೆಲ್ಲ ಗೊತ್ತಿರಲಿಲ್ಲವೆಂದಲ್ಲ. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಬಟ್ಟೆ ಕಾರ್ಖಾನೆಯಲ್ಲಿ ಬೆಂಕಿ ಬಿದ್ದಾಗ ಹೊರಹೋಗುವ ಬಾಗಿಲಿಗೆ ಬೀಗ ಹಾಕಿತ್ತು, 146 ಜನ ಸತ್ತರು. ಆಮೇಲೆ ಲೋಕದ ಕಣ್ಣು ತೆರೆಯಿತು. ನಮ್ಮ 1948ರ ಕಾರ್ಖಾನೆ ಕಾಯಿದೆಯಲ್ಲೂ, ಕೆಲಸ ನಡೆಯುತ್ತಿರುವಾಗ ಹೊರಹೋಗುವ ಬಾಗಿಲಿಗೆ ಬೀಗ ಹಾಕಬಾರದು ಎಂಬ ಮಾತನ್ನು ಬರೆದರು. ಒಳ್ಳೆಯ ಮಾತು. ಆದರೆ ಪೇಟೆಯ ಅಂಗಡಿ ಕಾರ್ಖಾನೆಯಲ್ಲ. ರಾತ್ರಿ ಬೇಲಿನ ಮೇಲೆ ಮಲಗುವುದು ಯಾರ ಲೆಕ್ಕದಲ್ಲೂ ಕೆಲಸವಲ್ಲ. ಎರಡು ಪದಗಳ ನಡುವಿನ ಆ ಸಂದಿಯಲ್ಲಿ ಕುಣಿಗಲ್ಲಿನ ಹುಡುಗರು ಮಲಗಿದ್ದರು.

ಇದು ಹಳೆಯ ಕಥೆ ಎಂದು ಮುಗಿಸಿಬಿಡಬಹುದಿತ್ತು. 2018ರ ಜನವರಿಯಲ್ಲಿ ಮಾರುಕಟ್ಟೆಯ ಬಳಿಯ ಕಟ್ಟಡವೊಂದರಲ್ಲಿ ನಡುರಾತ್ರಿ ಬೆಂಕಿ ಬಿತ್ತು. ಕೆಲಸ ಮುಗಿಸಿ ಅಲ್ಲೇ ಮಲಗಿದ್ದ ಐವರು ನೌಕರರು ಸತ್ತರು. 2021ರ ಸೆಪ್ಟೆಂಬರಿನಲ್ಲಿ ಹೊಸ ತರಗುಪೇಟೆಯ ಗೋಡೌನಿನಲ್ಲಿ ಪಟಾಕಿ ಸಿಡಿದು ಜೀವಗಳು ಹೋದವು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಐವರು ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಕೆಳಗೆ ಮಾಲು, ಮೇಲೆ ಸಂಸಾರ. ಪ್ರತಿ ಸಲವೂ ಸುದ್ದಿಯಲ್ಲಿ ಓಣಿಯ ಇಕ್ಕಟ್ಟಿನ ಮಾತು ಬರುತ್ತದೆ, ತಂತಿಗಳ ಜಾಲದ ಮಾತು ಬರುತ್ತದೆ. ಎರಡೂ ನಿಜ. ಆದರೆ ಪೇಟೆಯ ಓಣಿಗಳು ನಿನ್ನೆ ಇಕ್ಕಟ್ಟಾದದ್ದಲ್ಲ. ಬದಲಾಗಿರುವುದು ಇನ್ನೊಂದು. ಅಪಾಯದ ಮೇಲೆ ಮಲಗುವವನು ಬೇರೆ, ಅಪಾಯದಿಂದ ಲಾಭ ಬರುವವನು ಬೇರೆ.

ಈಗ ಪೇಟೆಯಲ್ಲಿ ಕಾವಲಿಗೆ ಬರವಿಲ್ಲ. ಜನ ಸೇರುವ ಕಡೆಗಳಲ್ಲಿ ಕ್ಯಾಮೆರಾ ಹಾಕಬೇಕು, ಅದರ ಚಿತ್ರಗಳನ್ನು 30 ದಿನ ಇಟ್ಟುಕೊಳ್ಳಬೇಕು ಎಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆ ಹೇಳುತ್ತದೆ. ಹೊಯ್ಸಳ ಗಾಡಿಗಳು ಸುತ್ತುತ್ತವೆ. ಪೊಲೀಸು, ಬೆಂಕಿ, ಆಂಬುಲೆನ್ಸು ಮೂರಕ್ಕೂ ಸೇರಿ 112 ಎಂಬ ಒಂದೇ ನಂಬರಿದೆ. ಇವೆಲ್ಲ ಬೇಕಾದವೇ. ಅಂಗಡಿಗೆ ಕನ್ನ ಹಾಕಿದವನನ್ನು ಕ್ಯಾಮೆರಾ ಹಿಡಿದುಕೊಡುತ್ತದೆ. ಆದರೆ ಕ್ಯಾಮೆರಾ ನೋಡುವುದು ಗಲ್ಲಾಪೆಟ್ಟಿಗೆಯನ್ನು, ಷಟರಿನ ಹೊರಬದಿಯನ್ನು. ಷಟರಿನ ಒಳಗೆ ಎಷ್ಟು ಜನ ಮಲಗಿದ್ದಾರೆ ಎನ್ನುವ ಪಟ್ಟಿ ಬೇಕಾಗಿದೆ. ಪ್ರತಿ ಮಹಡಿಯಲ್ಲೂ ಒಳಗಿನಿಂದ ತೆಗೆಯಬಹುದಾದ ಒಂದು ಬಾಗಿಲು ಬೇಕಾಗಿದೆ. ಅದಕ್ಕೆ ದೊಡ್ಡ ಯೋಜನೆ ಬೇಡ, ಒಂದು ಚಿಲಕ ಸಾಕು. ಬೀಟಿನ ಪೇದೆ ಪುಸ್ತಕಕ್ಕೆ ರುಜು ಹಾಕುವಾಗ, ಒಳಗೆ ಯಾರಿದ್ದಾರೆ, ಬೀಗ ಯಾವ ಕಡೆಗಿದೆ ಎಂದು ಎರಡು ಮಾತು ಕೇಳಿದರೆ ಅರ್ಧ ಕೆಲಸ ಆದಂತೆ.

ಆಗುವುದಿಲ್ಲ ಎನ್ನುವವರಿಗೆ ನಾನು ಕರಗದ ರಾತ್ರಿಯನ್ನು ನೆನಪಿಸುತ್ತೇನೆ. ಚೈತ್ರದ ಹುಣ್ಣಿಮೆಯಂದು ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ನಡುರಾತ್ರಿ ಕರಗ ಹೊರಡುತ್ತದೆ. ವೀರಕುಮಾರರು ಕತ್ತಿ ಹಿಡಿದು ಜೊತೆಗೆ ನಡೆಯುತ್ತಾರೆ. ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಪೇಟೆಯ ಓಣಿಗಳನ್ನೆಲ್ಲ ಸುತ್ತಿ, ಬೆಳಗಿನ ಹೊತ್ತಿಗೆ ಗುಡಿ ಸೇರುತ್ತದೆ. ಅದಕ್ಕಾಗಿ ಜೋತ ತಂತಿಗಳನ್ನು ಎತ್ತಿ ಕಟ್ಟುತ್ತಾರೆ. ಓಣಿಗೆ ಅಡ್ಡ ನಿಂತ ಗಾಡಿಗಳು ಸರಿಯುತ್ತವೆ. ದೀಪಗಳು ಉರಿಯುತ್ತವೆ. ವರ್ಷಕ್ಕೊಂದು ರಾತ್ರಿ ಪೇಟೆಯ ಪ್ರತಿ ಓಣಿಯೂ ನಡೆಯಬಲ್ಲ ಓಣಿಯಾಗುತ್ತದೆ, ಪ್ರತಿ ಬಾಗಿಲಲ್ಲೂ ಒಬ್ಬರು ಎಚ್ಚರವಾಗಿರುತ್ತಾರೆ. ಒಂದು ರಾತ್ರಿ ಆಗುವುದು ಉಳಿದ ರಾತ್ರಿಗಳಲ್ಲೂ ಆಗಬಹುದು.

ಅಪ್ಪ 2002ರಲ್ಲಿ ಕೆಲಸ ಬಿಟ್ಟರು. ಬೀಗದಕೈಯನ್ನು ಸಾಹುಕಾರರ ಮಗನ ಕೈಗೆ ಕೊಟ್ಟು, ಮನೆಗೆ ಬಂದು, ಆ ರಾತ್ರಿ ನಿದ್ದೆ ಬರದೆ ಎದ್ದೆದ್ದು ಕೂತರು. ಆಮೇಲೆ ನಾವು ರಾಜಾಜಿನಗರಕ್ಕೆ ಹೋದೆವು. ಅಮ್ಮ ಅಲ್ಲಿ ನಾಲ್ಕು ವರ್ಷ ಬದುಕಿದಳು.

ಹೋದ ತಿಂಗಳು ಅವೆನ್ಯೂ ರಸ್ತೆಗೆ ಪುಸ್ತಕಕ್ಕೆಂದು ಹೋದವನು ಕತ್ತಲಾದ ಮೇಲೆ ಒಳಗಿನ ಓಣಿಗೆ ತಿರುಗಿದೆ. ಒಂದು ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಹದಿನೆಂಟು ಇಪ್ಪತ್ತರ ಹುಡುಗನೊಬ್ಬ ಹೊರಗೆ ಜೋಡಿಸಿದ್ದ ಬಕೆಟ್ಟುಗಳನ್ನು ಒಳಗೆ ಸಾಗಿಸುತ್ತಿದ್ದ. ಬಿಹಾರದವನು, ಕನ್ನಡ ಆಗಲೇ ಚೆನ್ನಾಗಿ ಕಲಿತಿದ್ದ. ಎಲ್ಲಿ ಮಲಗ್ತೀಯಪ್ಪ ಎಂದೆ. ಬೆರಳು ಮೇಲಕ್ಕೆ ತೋರಿಸಿದ. ಎಷ್ಟು ಜನ ಎಂದೆ. ನಾಲ್ಕು ಎಂದ. ಬೀಗದಕೈ ಯಾರ ಹತ್ತಿರ ಇರುತ್ತೆ ಎಂದಾಗ ನನ್ನ ಮುಖವನ್ನೇ ನೋಡಿದ. ಕಳ್ಳನೋ ಪೊಲೀಸೋ ಎಂದು ಅವನಿಗೆ ಅನುಮಾನ ಬಂದಿರಬೇಕು.

"ಸೇಟ್ ಹತ್ರ ಸಾರ್" ಎಂದ. "ಯಾಕೆ?"

ನಾನು ಆ ಮೆಟ್ಟಿಲ ಮೇಲೆ ಕೂತು ಅವನಿಗೆ 1983ರ ರಾತ್ರಿಯ ಕಥೆ ಹೇಳಿದೆ. ಅವನು ಬಕೆಟ್ಟು ಕೆಳಗಿಟ್ಟು ಕೇಳಿದ.